ಆರು ಸಲ ಸೋತ ಮೇಲೆ ಏಳನೆಯದು ನನ್ನ ಸರದಿಯಲ್ಲವೇ?

ಪ್ರಶ್ನೆ: ನನಗೆ 43 ವರ್ಷ. ಊರು ಕುಂದಾಪುರದ ಹತ್ತಿರ. ಹದಿನೇಳಕ್ಕೆ ಮುಂಬಯಿಗೆ ಬಂದೆ. ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತ ರಾತ್ರಿ ಶಾಲೆಯಲ್ಲಿ ಓದಿದೆ. ಈಗ ಥಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್, ಡೊಂಬಿವಲಿಯಲ್ಲಿ ಬಾಡಿಗೆ ಮನೆ. ಸರ್ಕಾರಿ ವಸತಿ ಸಂಸ್ಥೆ ಮ್ಹಾಡಾ ಮನೆ ಹಂಚಲು ನಡೆಸುವ ಲಾಟರಿಗೆ ಆರು ಸಲ ಅರ್ಜಿ ಹಾಕಿದೆ, ಆರೂ ಸಲ ಹೆಸರು ಬರಲಿಲ್ಲ. ನನ್ನ ಜೊತೆ ಕೌಂಟರಿನಲ್ಲಿ ಕೂರುವ ಹುಡುಗನಿಗೆ ಮೊದಲ ಸಲವೇ ಬಂತು. ಎರಡು ವರ್ಷದಲ್ಲಿ ಷೇರುಪೇಟೆಯ ಆಪ್ಷನ್ ಟ್ರೇಡಿಂಗಿನಲ್ಲಿ 2,40,000 ರೂಪಾಯಿ ಹೋಯಿತು. ಊರಿನ ಜೋಯಿಸರು ಅಷ್ಟಮ ಶನಿ ನಡೆಯುತ್ತಿದೆ, ಶಾಂತಿ ಮಾಡಿಸಿ ಅಂದಿದ್ದಾರೆ. ಕೈಯಲ್ಲಿ ಉಳಿದಿರುವುದು ಐದು ಲಕ್ಷದ ಎಫ್‌ಡಿ. ಒಬ್ಬ ಏಜೆಂಟ್ ಮೂರು ಲಕ್ಷ ಕೊಟ್ಟರೆ ಮ್ಹಾಡಾ ಮನೆ ‘ಸೆಟ್ಟಿಂಗ್’ ಮಾಡಿಸುತ್ತೇನೆ ಎನ್ನುತ್ತಾನೆ. ಅವನಿಂದ ಮನೆ ಸಿಕ್ಕಿದ ಇಬ್ಬರ ನಂಬರನ್ನೂ ಕೊಟ್ಟ, ಮಾತಾಡಿದೆ, ನಿಜ ಎಂದರು. ಇನ್ನೊಬ್ಬರು ಕಳ್ವಾದಲ್ಲಿ ಸಣ್ಣ ಹೋಟೆಲನ್ನು ಕಂಡಕ್ಟಿಂಗಿಗೆ, ಅಂದರೆ ದಿನಕ್ಕೆ ಇಷ್ಟು ಎಂದು ಕೊಟ್ಟು ನಡೆಸಲು, ಕೊಡುತ್ತೇನೆ, ಡಿಪಾಸಿಟ್ ನಾಲ್ಕು ಲಕ್ಷ ಎನ್ನುತ್ತಾರೆ. ಇದೆರಡೂ ಬೇಡ, ಹೋದ ದುಡ್ಡನ್ನು ಹೋದ ದಾರಿಯಲ್ಲೇ ವಾಪಸು ತರೋಣ ಎಂದೂ ಒಮ್ಮೊಮ್ಮೆ ಅನಿಸುತ್ತದೆ. ಇಷ್ಟು ಸೋತ ಮೇಲೆ ನನ್ನ ಸರದಿ ಬರಬೇಕಲ್ಲ? ಅದೃಷ್ಟ ಎನ್ನುವುದು ನಿಜಕ್ಕೂ ಇದೆಯೇ? ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲವೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಮಾತು ಹೆಣೆದುಕೊಂಡಿವೆ. ಮೇಲೆ ಕಾಣುವುದು, ಸೋತವನಿಗೆ ಗೆಲ್ಲುವ ಸರದಿ ಬರುತ್ತದೆಯೇ ಎಂಬ ಪ್ರಶ್ನೆ. ಅದರ ಅಡಿಯಲ್ಲಿರುವುದು ಹೆದರಿಕೆ: ದೋಷ ನನ್ನಲ್ಲೇ ಇದೆಯೇನೋ ಎಂದು. ಎರಡಕ್ಕೂ ನನ್ನ ಉತ್ತರ ‘ಇಲ್ಲ’ ಎಂದೇ. ಅದೃಷ್ಟ ಖಂಡಿತ ಇದೆ, ನಾವು ಒಪ್ಪಿಕೊಳ್ಳುವುದಕ್ಕಿಂತ ಹೆಚ್ಚೇ ಇದೆ. ಆದರೆ ಅದು ಎತ್ತರ, ಬಣ್ಣದ ಹಾಗೆ ಒಬ್ಬರ ಮೈಗೆ ಅಂಟಿಕೊಂಡು ಬರುವುದಿಲ್ಲ. ಪದವೇ ಹೇಳುವಂತೆ ಅದು ಅ-ದೃಷ್ಟ, ಕಣ್ಣಿಗೆ ಕಾಣದ್ದು. ಕಾಣದ್ದನ್ನು ತಡೆಯಲು ಆಗದಿದ್ದರೂ ಅದರಲ್ಲಿ ಬಹಳಷ್ಟನ್ನು ಎಣಿಸಬಹುದು. ನಿಮ್ಮ ಐದು ಲಕ್ಷ ಉಳಿಯುವುದೂ ಹೋಗುವುದೂ ಈ ಎಣಿಕೆಯ ಮೇಲೆ ನಿಂತಿದೆ.

‘ಸರದಿ’ ಎಂಬ ನಂಬಿಕೆ ಎಲ್ಲಿಂದ ಬಂತು ನೋಡಿ. ನೀವು ಚೀಟಿಫಂಡಿನಂಥ ಭಿಶಿ ಹಾಕಿರುತ್ತೀರಿ. ಇಪ್ಪತ್ತು ಜನ, ತಿಂಗಳಿಗೆ ಇಷ್ಟು ಎಂದು, ಡಬ್ಬಿಯಿಂದ ಒಂದು ಚೀಟಿ ಎತ್ತುವುದು. ಒಮ್ಮೆ ಎತ್ತಿದ ಹೆಸರು ಮತ್ತೆ ಡಬ್ಬಿಗೆ ಹೋಗುವುದಿಲ್ಲ. ಮೊದಲ ತಿಂಗಳು ನಿಮ್ಮ ಹೆಸರು ಬರುವ ಸಾಧ್ಯತೆ 20ರಲ್ಲಿ 1. ಹದಿನೈದು ತಿಂಗಳು ಕಳೆದರೂ ಬಂದಿಲ್ಲವೆಂದರೆ 5ರಲ್ಲಿ 1. ಇಪ್ಪತ್ತನೆಯ ತಿಂಗಳು ಖಂಡಿತ. ಸಂಘದ ಪಿಕ್ನಿಕ್ಕಿನಲ್ಲಿ ಆಡುವ ಹೌಸಿಯಲ್ಲೂ ಹಾಗೆಯೇ. ಕರೆದ ನಂಬರು ಚೀಲಕ್ಕೆ ವಾಪಸು ಬೀಳುವುದಿಲ್ಲ, 90ರಲ್ಲಿ 89 ಕರೆದಾದ ಮೇಲೆ ಉಳಿದದ್ದು ಬಂದೇ ಬರುತ್ತದೆ. ಇಂಥ ಕಡೆ ಸೋಲು ನಿಜವಾಗಿಯೂ ಗೆಲುವನ್ನು ಹತ್ತಿರ ತರುತ್ತದೆ. ನಮ್ಮ ಮನಸ್ಸು ಕಲಿತಿರುವುದು ಇದನ್ನೇ.

ಮ್ಹಾಡಾ ಲಾಟರಿ ಭಿಶಿಯಲ್ಲ. ಪ್ರತಿ ಸಲವೂ ಹೊಸ ಡಬ್ಬಿ, ಹೊಸ ಚೀಟಿಗಳು, ಹೊಸ ಜನ. ನಿಮ್ಮ ಹಿಂದಿನ ಆರು ಸೋಲನ್ನು ಆ ಕಂಪ್ಯೂಟರು ಎಲ್ಲೂ ಬರೆದಿಟ್ಟುಕೊಂಡಿಲ್ಲ. ಏಳನೆಯ ಸಲ ನಿಮಗೂ, ಮೊದಲ ಸಲ ಹಾಕುವವನಿಗೂ ಒಂದೇ ಸಾಧ್ಯತೆ. ಇದು ಪುಸ್ತಕದ ಮಾತು ಎನಿಸಿದರೆ ಮಾಂಟೆ ಕಾರ್ಲೋದ ಜೂಜುಕಟ್ಟೆಯಲ್ಲಿ 1913ರ ಆಗಸ್ಟ್ 18ರಂದು ಆದದ್ದನ್ನು ನೋಡಿ. ರೂಲೆ ಚಕ್ರದಲ್ಲಿ ಕಪ್ಪು ಮೇಲಿಂದ ಮೇಲೆ 26 ಸಲ ಬಿತ್ತು. ಹತ್ತು ಹದಿನೈದು ಆಗುತ್ತಿದ್ದಂತೆ ‘ಇನ್ನು ಕೆಂಪಿನ ಸರದಿ’ ಎಂದು ಜನ ಮುಗಿಬಿದ್ದು ಕೆಂಪಿನ ಮೇಲೆ ಕಟ್ಟಿದರು, ದುಪ್ಪಟ್ಟು ಮಾಡಿ ಕಟ್ಟಿದರು, ಮುಳುಗಿದರು. ಚಕ್ರಕ್ಕೆ ನೆನಪಿಲ್ಲ.

ಈಗ ನಿಮ್ಮ ಆರು ಸೋಲಿನ ಲೆಕ್ಕ. ಮ್ಹಾಡಾದ ಮುಂಬಯಿ ಮಂಡಳಿಯ 2023ರ ಲಾಟರಿಯಲ್ಲಿ 4,082 ಮನೆಗಳಿಗೆ ಸುಮಾರು 1.20 ಲಕ್ಷ ಅರ್ಜಿ ಇದ್ದವು. ಒಂದು ಮನೆಗೆ ಹೆಚ್ಚುಕಡಿಮೆ 29 ಜನ. 2024ರಲ್ಲಿ 2,030 ಮನೆ, ಸುಮಾರು 1.13 ಲಕ್ಷ ಅರ್ಜಿ. ಒಂದಕ್ಕೆ 56 ಜನ. ಒಟ್ಟಾರೆ ಸಾಧ್ಯತೆ ನೂರಕ್ಕೆ 2ರ ಆಸುಪಾಸು ಎಂದು ಹಿಡಿಯಿರಿ. ಹಾಗಿದ್ದರೆ ಒಂದು ಸಲ ಬರದಿರುವ ಸಾಧ್ಯತೆ 0.98. ಅದನ್ನು ಆರು ಸಲ ಗುಣಿಸಿದರೆ 0.886. ನಿಮ್ಮ ಹಾಗೆ ಆರು ಸಲ ಹಾಕಿದ ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಅವರಲ್ಲಿ 88 ಅಥವಾ 89 ಜನ ಬರಿಗೈಯಲ್ಲೇ ಇರುತ್ತಾರೆ. ನೀವು ದುರದೃಷ್ಟವಂತರ ಪೈಕಿ ಅಲ್ಲ, ಹೆಚ್ಚಿನವರ ಪೈಕಿ. ಅರ್ಧದಷ್ಟಾದರೂ ಸಾಧ್ಯತೆ ಬೇಕೆಂದರೆ ಇದೇ ಲೆಕ್ಕದಲ್ಲಿ 35 ಸಲ ಹಾಕಬೇಕು. ಐವತ್ತು ಸಲ ಹಾಕಿದವರಲ್ಲೂ ನೂರಕ್ಕೆ 36 ಜನರಿಗೆ ಬಂದಿರುವುದಿಲ್ಲ.

ನಿಮ್ಮ ಕೌಂಟರಿನ ಹುಡುಗನಿಗೆ ಮೊದಲ ಸಲವೇ ಬಂದದ್ದು ನಿಮ್ಮನ್ನು ಹೆಚ್ಚು ಕುಟುಕುತ್ತಿದೆ ಎಂದು ಕಾಣುತ್ತದೆ. ಲಕ್ಷ ಜನ ಅರ್ಜಿ ಹಾಕುವ ಕಡೆ ಎರಡು ಸಾವಿರ ಜನಕ್ಕೆ ಬರಲೇಬೇಕು, ಅವರಲ್ಲಿ ನೂರಾರು ಜನಕ್ಕೆ ಅದು ಮೊದಲ ಅರ್ಜಿಯಾಗಿರುತ್ತದೆ. ಅವರೆಲ್ಲ ಯಾರದೋ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾರೆ. ಗೆದ್ದವನು ಪೇಡೆ ಹಂಚುತ್ತಾನೆ, ಸೋತ ಲಕ್ಷ ಜನ ಮೊಬೈಲು ಜೇಬಿಗಿಟ್ಟು ಕೆಲಸಕ್ಕೆ ಹೋಗುತ್ತಾರೆ. ಆದ್ದರಿಂದ ಗೆಲುವಿನ ಸುದ್ದಿ ಮಾತ್ರ ನಮ್ಮ ಕಿವಿಗೆ ಬೀಳುತ್ತದೆ.

ಇದೇ ಲೆಕ್ಕ ನಿಮ್ಮ ಏಜೆಂಟನನ್ನೂ ವಿವರಿಸುತ್ತದೆ. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಅವನು ನೂರು ಜನರಿಂದ ದುಡ್ಡು ತೆಗೆದುಕೊಂಡು, ಅವರಿಂದ ಮಾಮೂಲಿ ಅರ್ಜಿ ಹಾಕಿಸಿ, ಸುಮ್ಮನೆ ಕೂತರೂ ಸಾಕು. ಬರೀ ಆಕಸ್ಮಿಕದಿಂದಲೇ ಇಬ್ಬರ ಹೆಸರು ಬರುತ್ತದೆ. ಆ ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಅವನೇ ಮಾಡಿಸಿದ ಎಂದು ಮನಸಾರೆ ನಂಬಿದ್ದಾರೆ. ನಿಮಗೆ ಸಿಕ್ಕಿದ್ದು ಅವರ ನಂಬರು. ಉಳಿದ 98 ಜನರಲ್ಲಿ ಸ್ವಲ್ಪ ಜನಕ್ಕೆ ದುಡ್ಡು ಹಿಂದಿರುಗಿಸುತ್ತಾನೆ, ಸ್ವಲ್ಪ ಜನಕ್ಕೆ ‘ಮುಂದಿನ ಸಲ’ ಎನ್ನುತ್ತಾನೆ, ಉಳಿದವರ ಫೋನು ಎತ್ತುವುದಿಲ್ಲ. ಲಂಚ ಕೊಟ್ಟದ್ದು ತಾವೇ ಆದ್ದರಿಂದ ಅವರು ಪೊಲೀಸರ ಬಳಿ ಹೋಗಲೂ ಅಂಜುತ್ತಾರೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಇವನು ಆ ಕಾಗೆಯನ್ನು ತೋರಿಸಿ ಮೂರು ಲಕ್ಷ ಕೇಳುತ್ತಿದ್ದಾನೆ. ಏಜೆಂಟರನ್ನು ನೇಮಿಸಿಲ್ಲ ಎಂದು ಮ್ಹಾಡಾ ಮತ್ತೆ ಮತ್ತೆ ಪ್ರಕಟಣೆ ಕೊಟ್ಟಿದೆ. 2023ರಿಂದ ದಾಖಲೆ ಪರಿಶೀಲನೆ ಡ್ರಾಗೆ ಮೊದಲೇ ಆನ್‌ಲೈನಿನಲ್ಲಿ ಮುಗಿಯುತ್ತದೆ, ಅರ್ಹರ ಪಟ್ಟಿ ಪ್ರಕಟವಾಗುತ್ತದೆ, ಆಮೇಲೆ ಡ್ರಾ. ಮಧ್ಯದಲ್ಲಿ ಕೈ ಹಾಕುತ್ತೇನೆ ಎನ್ನುವವನಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಟೋಕನ್ ಎಂದು ಈಗಾಗಲೇ ಏನಾದರೂ ಕೊಟ್ಟಿದ್ದರೆ ಅವನ ಮೆಸೇಜು, ಯುಪಿಐ ರಸೀದಿ ಇಟ್ಟುಕೊಂಡು ದೂರು ಕೊಡಿ.

ಆಪ್ಷನ್‌ಗೆ, ಅಂದರೆ ಷೇರುಪೇಟೆ ನಿಗದಿತ ದಿನದೊಳಗೆ ಏರುತ್ತದೆಯೋ ಇಳಿಯುತ್ತದೆಯೋ ಎಂದು ದುಡ್ಡು ಕೊಟ್ಟು ಕೊಳ್ಳುವ ಕರಾರಿಗೆ, ಬರೋಣ. ನೀವು ನಿಮ್ಮ ದೆಸೆ ಎಂದುಕೊಂಡಿರುವ 2,40,000 ರೂಪಾಯಿ ಬಹುತೇಕ ದೇಶದ ಸರಾಸರಿ. 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಆಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರ ಲೆಕ್ಕವನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ತೆಗೆದಿದೆ. ನೂರಕ್ಕೆ 93 ಜನ ಕಳೆದುಕೊಂಡವರು. ಖರ್ಚು ಸೇರಿ ತಲಾ ನಷ್ಟ ಸುಮಾರು ಎರಡು ಲಕ್ಷ, ಒಟ್ಟು 1.8 ಲಕ್ಷ ಕೋಟಿಗೂ ಮೇಲೆ. 2024-25ರಲ್ಲೂ ನೂರಕ್ಕೆ 91 ಜನ ನಷ್ಟದಲ್ಲೇ ಇದ್ದರು. ಇಷ್ಟೂ ಜನಕ್ಕೆ ಒಟ್ಟಿಗೆ ಶನಿ ಹಿಡಿದಿರಲು ಸಾಧ್ಯವಿಲ್ಲ. ಆಟದ ರಚನೆಯೇ ಹಾಗಿದೆ. ನೀವು ಕೊಳ್ಳುವ ಆಪ್ಷನ್ನಿನ ಬೆಲೆಯಲ್ಲಿ ಒಂದು ಭಾಗ ‘ಕಾಲ’ದ ಬೆಲೆ, ನಿಫ್ಟಿಯದು ಮಂಗಳವಾರ, ಸೆನ್ಸೆಕ್ಸಿನದು ಗುರುವಾರ ಅವಧಿ ಮುಗಿಯುವ ಹೊತ್ತಿಗೆ ಅದು ಐಸಿನ ಹಾಗೆ ಕರಗಿ ಸೊನ್ನೆಯಾಗುತ್ತದೆ. ಮಾರುಕಟ್ಟೆ ನೀವೆಣಿಸಿದ ಕಡೆಗೆ ಹೋದರೆ ಸಾಲದು, ನೀವೆಣಿಸಿದ ದಿನದೊಳಗೆ, ಕೊಟ್ಟ ಬೆಲೆಯನ್ನು ಮೀರುವಷ್ಟು ಹೋಗಬೇಕು. ಪ್ರತಿ ಸಲವೂ ಬ್ರೋಕರೇಜು, ತೆರಿಗೆ, ಕೊಳ್ಳುವ ಮತ್ತು ಮಾರುವ ದರದ ನಡುವಿನ ಅಂತರ ಹೋಗುತ್ತದೆ. ಎದುರಿಗೆ ಕೂತಿರುವವರು ಅಲ್ಗಾರಿದಮ್ ಇಟ್ಟುಕೊಂಡ ದೊಡ್ಡ ಸಂಸ್ಥೆಗಳು.

‘ಹೋದ ದಾರಿಯಲ್ಲೇ ವಾಪಸು’ ಎಂಬ ಯೋಚನೆ ಹೆಚ್ಚಾಗಿ ಸೋತಾಗೆಲ್ಲ ದುಪ್ಪಟ್ಟು ಮಾಡುವ ರೂಪದಲ್ಲಿ ಬರುತ್ತದೆ. ಅದನ್ನೂ ಎಣಿಸಿ. ಸಾವಿರದಿಂದ ಶುರು ಮಾಡಿ ದುಪ್ಪಟ್ಟು ಮಾಡುತ್ತ ಹೋದರೆ ಎಂಟು ಸಲ ಸೋತಾಗ ಹೋಗಿರುವುದು 2,55,000. ಒಂಬತ್ತನೆಯ ಸಲಕ್ಕೆ ಬೇಕಾಗುವುದು 2,56,000. ಅದರಲ್ಲಿ ಗೆದ್ದರೂ ಒಟ್ಟು ಲಾಭ ಅದೇ ಒಂದು ಸಾವಿರ. ಪಣಜಿಯ ಮಾಂಡವಿ ನದಿಯ ಕ್ಯಾಸಿನೊ ಹಡಗುಗಳಲ್ಲಿ ರೂಲೆ ಆಡುವವರಲ್ಲಿ ಈ ಉಪಾಯ ನಂಬಿದವರು ಇದ್ದೇ ಇರುತ್ತಾರೆ. ಒಂದು ಸೊನ್ನೆಯಿರುವ 37 ಮನೆಯ ಚಕ್ರದಲ್ಲಿ ಕೆಂಪು 18 ಮಾತ್ರ. ಎಂಟು ಸಲ ಸತತ ಸೋಲುವುದು ಸುಮಾರು 200ರಲ್ಲಿ ಒಮ್ಮೆ. ಅಪರೂಪ ಎನಿಸಬಹುದು. ಆದರೆ ಸಂಜೆಗೆ ಹತ್ತು ಸುತ್ತು ಇದೇ ಉಪಾಯ ನಡೆಸುವವನಿಗೆ ಇಪ್ಪತ್ತು ಸಂಜೆಯಲ್ಲಿ ಅದು ಎದುರಾಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಸತತ ಸೋಲು ನಾವು ಊಹಿಸುವುದಕ್ಕಿಂತ ಮಾಮೂಲಿ ಸಂಗತಿ. ಒಂದು ನಾಣ್ಯವನ್ನು ನೂರು ಸಲ ಚಿಮ್ಮಿಸಿ ಬರೆದುಕೊಳ್ಳಿ. ಒಂದೇ ಮುಖ ಐದು ಸಲ ಸತತ ಬೀಳುವುದು ಎಲ್ಲಾದರೂ ಒಂದು ಕಡೆ ಸಿಗುವ ಸಾಧ್ಯತೆ ನೂರಕ್ಕೆ 97. ಮನೆಯಲ್ಲಿ ಮಕ್ಕಳಿಂದ ಮಾಡಿಸಿ ನೋಡಿ. ಜೀವನದಲ್ಲಿ ‘ಒಂದರ ಮೇಲೊಂದು ಬಂತು’ ಎಂದು ನಾವು ಗಾಬರಿಯಾಗುವ ಎಷ್ಟೋ ಕಾಲಗಳು ಇಂಥ ಸಾಲುಗಳೇ.

ಟೆಲಿಗ್ರಾಮಿನಲ್ಲಿ ಟಿಪ್ಸ್ ಕೊಡುವವರನ್ನು ನೀವು ಹೆಸರಿಸಿಲ್ಲ. ಆದರೂ ನಿಮ್ಮ ಮೊಬೈಲಿನಲ್ಲಿ ಅಂಥ ಗುಂಪು ಇರಬಹುದು. 1,024 ಜನರಲ್ಲಿ ಅರ್ಧ ಜನಕ್ಕೆ ‘ನಾಳೆ ಏರುತ್ತದೆ’, ಇನ್ನರ್ಧಕ್ಕೆ ‘ಇಳಿಯುತ್ತದೆ’ ಎಂದು ಕಳಿಸಿ, ಸರಿಹೋದ ಅರ್ಧವನ್ನು ಮತ್ತೆ ಎರಡು ಮಾಡುತ್ತ ಹೋದರೆ ಐದನೆಯ ದಿನಕ್ಕೆ 32 ಜನಕ್ಕೆ ಐದಕ್ಕೆ ಐದೂ ಸರಿಯಾದ ಭವಿಷ್ಯ ಸಿಕ್ಕಿರುತ್ತದೆ. ಆ 32 ಜನ ಏನು ಕೇಳಿದರೂ ಕೊಡುತ್ತಾರೆ. ಸಲಹೆ ಕೊಡುವವರಿಗೆ ಸೆಬಿಯ ನೋಂದಣಿ ಸಂಖ್ಯೆ ಇರಬೇಕು. ಇಲ್ಲದಿದ್ದರೆ ಗುಂಪಿನಿಂದ ಹೊರಬನ್ನಿ. ಇದ್ದರೂ ನಿಮ್ಮ ಈಗಿನ ಸ್ಥಿತಿಯಲ್ಲಿ ಆಪ್ಷನ್ ಬೇಡ, ಖಾತೆಯಲ್ಲಿ ಆ ವಿಭಾಗವನ್ನೇ ಬಂದ್ ಮಾಡಿಸಿ. ಒಂದು ಕೆಲಸ ಮಾತ್ರ ಬಾಕಿ ಇಡಬೇಡಿ: ಆ ನಷ್ಟವನ್ನು ಆದಾಯ ತೆರಿಗೆ ರಿಟರ್ನಿನಲ್ಲಿ ತೋರಿಸಿ. ಇದು ವ್ಯಾಪಾರದ ನಷ್ಟವಾದ್ದರಿಂದ ಫಾರ್ಮ್ ಐಟಿಆರ್-3. ಸಂಬಳದಿಂದ ಕಳೆಯಲು ಬರುವುದಿಲ್ಲ. ಆದರೆ ಗಡುವಿನೊಳಗೆ ಸಲ್ಲಿಸಿದರೆ ಎಂಟು ವರ್ಷದವರೆಗೆ ಮುಂದೆ ಬರುವ ವ್ಯಾಪಾರದ ಲಾಭದಿಂದ ಕಳೆಯಬಹುದು. ನಾಳೆ ಹೋಟೆಲು ನಡೆಸುವವರಿಗೆ ಅದು ಉಪಯೋಗಕ್ಕೆ ಬರುತ್ತದೆ.

ಅಷ್ಟಮ ಶನಿಯ ಮಾತನ್ನು ಹಗುರವಾಗಿ ಆಡುವುದು ನನ್ನ ಉದ್ದೇಶವಲ್ಲ. ಕಷ್ಟದಲ್ಲಿ ದೇವರ ಮುಂದೆ ಕೂರುವುದರಿಂದ ಸಿಗುವ ಸಮಾಧಾನ ನಿಜ. ಲೆಕ್ಕ ಮಾತ್ರ ನೋಡಿ. ಶನಿ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ, ಹನ್ನೆರಡು ರಾಶಿಗೆ ಹಂಚಿದರೆ ರಾಶಿಗೆ ಎರಡೂವರೆ ವರ್ಷ. ಏಳೂವರೆ ವರ್ಷದ ಶನಿಕಾಟವಾದ ಸಾಡೇಸಾತಿ ಎಂದರೆ ಮೂರು ರಾಶಿ. ಅಂದರೆ ಯಾವ ದಿನ ನೋಡಿದರೂ ಹನ್ನೆರಡರಲ್ಲಿ ಮೂರು ರಾಶಿಯವರು, ಕಾಲುಭಾಗ ಜನ, ಸಾಡೇಸಾತಿಯಲ್ಲಿರುತ್ತಾರೆ. ಅದಕ್ಕೆ ಅಷ್ಟಮ ಶನಿ, ಪಂಚಮ ಶನಿ, ನಾಲ್ಕನೆಯ ಮನೆಯ ಅರ್ಧಾಷ್ಟಮ ಸೇರಿಸಿದರೆ ಆರು ರಾಶಿ. ಬೆಳಿಗ್ಗೆ ನೀವು ಹತ್ತುವ ಲೋಕಲಿನಲ್ಲಿ ಅರ್ಧ ಡಬ್ಬಿಗೆ ಶನಿಕಾಟ ಎಂದಾಯಿತು. ಕೌಂಟರಿನ ಹುಡುಗನ ರಾಶಿಯನ್ನೂ ಕೇಳಿ ನೋಡಿ. ಶಾಂತಿ ಮಾಡಿಸಿದ ಮೇಲೆ ಸರಿಹೋಯಿತು ಎಂದು ಬಹಳ ಜನ ಹೇಳುತ್ತಾರೆ, ಅವರು ಸುಳ್ಳು ಹೇಳುವುದಿಲ್ಲ. ಆದರೆ ಜನ ಜಾತಕ ತೋರಿಸುವುದೇ ಎಲ್ಲ ಕೆಟ್ಟು ಕೂತ ದಿನ. ಅತಿ ಕೆಟ್ಟ ಕಾಲದ ಮುಂದಿನ ಕಾಲ ಸಾಮಾನ್ಯವಾಗಿ ಮಾಮೂಲಿ ಮಟ್ಟಕ್ಕೆ ಬರುತ್ತದೆ, ಏನೂ ಮಾಡದಿದ್ದರೂ. ಜ್ವರ ಏರಿದಾಗ ಕುಡಿದ ಕಷಾಯಕ್ಕೆ ಇಳಿದ ಶ್ರೇಯಸ್ಸು ಸಿಗುವುದು ಹೀಗೆಯೇ.

ಮಹಾಭಾರತದ ವನಪರ್ವದ ನಳನ ಕಥೆಯಲ್ಲಿ ಒಂದು ಸೂಕ್ಷ್ಮ ಇದೆ. ಕಲಿ ಹೊಕ್ಕ ನಳ ಪಗಡೆಯಲ್ಲಿ ರಾಜ್ಯ ಸೋಲುತ್ತಾನೆ, ಸೋತಷ್ಟೂ ಇನ್ನೊಂದು ಸಲ ಎನ್ನುತ್ತಾನೆ. ಆಮೇಲೆ ಋತುಪರ್ಣನ ಸಾರಥಿಯಾಗಿದ್ದಾಗ ಆ ರಾಜ ದಾರಿಯ ತಾರೆ ಮರದ ಎಲೆ, ಕಾಯಿಗಳ ಸಂಖ್ಯೆಯನ್ನು ನೋಡಿದ್ದೇ ಹೇಳುತ್ತಾನೆ. ನಳ ಇಳಿದು ಎಣಿಸಿದರೆ ಸರಿಯಾಗಿರುತ್ತದೆ. ಕುದುರೆಯ ವಿದ್ಯೆ ಕೊಟ್ಟು ನಳ ಆ ಅಕ್ಷಹೃದಯವನ್ನು, ಪಗಡೆ ಮತ್ತು ಎಣಿಕೆಯ ವಿದ್ಯೆಯನ್ನು, ಕಲಿಯುತ್ತಾನೆ. ಕಲಿ ಅವನ ಮೈ ಬಿಟ್ಟು ಹೊರಬರುವುದು ಆ ಗಳಿಗೆಯಲ್ಲಿ.

ಹಾಗಾದರೆ ಅದೃಷ್ಟ ಇದೆ ಎಂದೆನಲ್ಲ, ಎಲ್ಲಿದೆ? 2005ರ ಜುಲೈ 26 ನಿಮಗೆ ನೆನಪಿರಬೇಕು. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಅದೇ ಅವಧಿಗೆ ಕೊಲಾಬಾದಲ್ಲಿ 73. ಕುರ್ಲಾ, ಕಲೀನಾದಲ್ಲಿ ಅಂಗಡಿ ಇಟ್ಟವನ ಅಕ್ಕಿ ಮೂಟೆ, ಫ್ರಿಜ್ಜು, ಗ್ರೈಂಡರು ನೀರಿನಲ್ಲಿ. ಕೊಲಾಬಾದವನ ಗಲ್ಲಾ ಎಂದಿನಂತೆ. ಇಬ್ಬರೂ ಅಷ್ಟೇ ದುಡಿದವರು. 1982ರ ಜನವರಿಯಲ್ಲಿ ಗಿರಣಿ ಮುಷ್ಕರ ಶುರುವಾದಾಗ ಪರೇಲ್, ಲಾಲ್‌ಬಾಗ್‌ನಲ್ಲಿ ಕಾರ್ಮಿಕರ ಊಟವನ್ನೇ ನಂಬಿದ್ದ ಖಾನಾವಳಿಗಳಿಗೂ ಇದೇ ಗತಿ. ಗಿರಾಕಿಗಳು ಊರಿಗೆ ಹೋದರು, ಹಲವರು ಮರಳಲಿಲ್ಲ. ಮಾಟುಂಗಾ ಸ್ಟೇಷನ್ನಿನ ಪಕ್ಕ 1942ರಲ್ಲಿ ಎ. ರಾಮ ನಾಯಕರು ತೆರೆದ ಉಡಿಪಿ ಶ್ರೀಕೃಷ್ಣ ಬೋರ್ಡಿಂಗನ್ನು ನಾವು ಹೆಮ್ಮೆಯಿಂದ ತೋರಿಸುತ್ತೇವೆ, ತೋರಿಸಬೇಕಾದದ್ದೇ. ಆದರೆ ಅಂಥದ್ದೇ ಶ್ರದ್ಧೆಯಿಂದ ತೆರೆದು, ತಪ್ಪು ರಸ್ತೆಯಲ್ಲಿ ಅಥವಾ ತಪ್ಪು ವರ್ಷದಲ್ಲಿ ಮುಚ್ಚಿ, ಊರಿನ ಬಸ್ಸು ಹತ್ತಿದವರ ಬೋರ್ಡು ಎಲ್ಲೂ ತೂಗುತ್ತಿಲ್ಲ. ಯಾವ ಮನೆಯಲ್ಲಿ ಹುಟ್ಟಿದೆವು, ಯಾವ ವರ್ಷ ಊರು ಬಿಟ್ಟೆವು, ಮೊದಲ ಧಣಿ ಎಂಥವರು ಸಿಕ್ಕರು, ಇವೆಲ್ಲ ನಾವು ಗಳಿಸಿದ್ದಲ್ಲ. ಹದಿನೇಳಕ್ಕೆ ಗ್ಲಾಸು ತೊಳೆಯುತ್ತ ಓದಿದ ನೀವು ಸ್ವಂತ ಮನೆ ಇಲ್ಲವೆಂದು ನಿಮ್ಮನ್ನೇ ಹಳಿದುಕೊಳ್ಳುವುದು ನ್ಯಾಯವಲ್ಲ. ಇಷ್ಟು ಹೇಳುವುದಕ್ಕಾದರೂ ಈ ಉತ್ತರ ಬರೆಯಬೇಕಿತ್ತು.

ಒಂದು ಕೆಲಸದಲ್ಲಿ ಅದೃಷ್ಟ ಎಷ್ಟು, ಕೈಗುಣ ಎಷ್ಟು ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ: ಬೇಕೆಂದೇ ಸೋಲಲು ಸಾಧ್ಯವೇ ಎಂದು ಕೇಳಿಕೊಳ್ಳಿ. ಲಾಟರಿಯಲ್ಲಿ ಬೇಕೆಂದು ಸೋಲಲಾರಿರಿ. ಹೋಟೆಲನ್ನು ಮಾತ್ರ ಒಂದೇ ವಾರದಲ್ಲಿ ಬೇಕೆಂದೇ ಕೆಡಿಸಬಹುದು: ಹಿಟ್ಟು ಹುಳಿಯಾಗಲು ಬಿಟ್ಟು, ಸಾಂಬಾರಿಗೆ ನೀರು ಸುರಿದು, ಗಿರಾಕಿಯನ್ನು ಗದರಿಸಿ. ಬೇಕೆಂದು ಕೆಡಿಸಲು ಆಗುವ ಕಡೆ ನಿಮ್ಮ ಇಪ್ಪತ್ತಾರು ವರ್ಷದ ಅನುಭವಕ್ಕೆ ಬೆಲೆ ಇದೆ. ಆದ್ದರಿಂದ ನಿಮ್ಮ ಮೂರು ದಾರಿಗಳಲ್ಲಿ ವಿಚಾರಕ್ಕೆ ಯೋಗ್ಯವಾದದ್ದು ಕಳ್ವಾದ ಹೋಟೆಲು ಒಂದೇ. ಆದರೆ ಈಗಿನ ಕರಾರಿನಲ್ಲಿ ಅಲ್ಲ.

ಐದು ಲಕ್ಷದಲ್ಲಿ ನಾಲ್ಕು ಲಕ್ಷ ಡಿಪಾಸಿಟ್ ಇಟ್ಟರೆ ಎರಡು ಕೆಟ್ಟ ತಿಂಗಳು ಸಾಕು, ಆಟ ಮುಗಿಯುತ್ತದೆ. ಒಳ್ಳೆಯ ಜಾಗವೇ ಆಗಿರಬಹುದು, ಮೂರನೆಯ ತಿಂಗಳಿಂದ ಲಾಭವೇ ಬರುತ್ತಿತ್ತೇನೋ. ಅಲ್ಲಿಯವರೆಗೆ ನೀವು ಉಳಿದಿರುವುದಿಲ್ಲ. ಅದೃಷ್ಟದ ವಿಷಯದಲ್ಲಿ ಜನ ಹೆಚ್ಚು ಎಡವುವುದು ಇಲ್ಲಿ. ಗೆಲ್ಲುವ ಸಾಧ್ಯತೆ ಎಷ್ಟು ಎಂದು ಕೇಳುತ್ತಾರೆ, ಸೋತರೆ ಮತ್ತೊಮ್ಮೆ ಆಡಲು ಉಳಿಯುತ್ತೇನೆಯೇ ಎಂದು ಕೇಳುವುದಿಲ್ಲ. ಮನೆ ಖರ್ಚು ತಿಂಗಳಿಗೆ 30,000 ಎಂದುಕೊಳ್ಳಿ. ಆರು ತಿಂಗಳ 1,80,000 ಮುಟ್ಟದೆ ಇಡಿ. ಉಳಿದ 3,20,000ದಲ್ಲಿ ಡಿಪಾಸಿಟ್ಟೂ ಮೊದಲ ಮೂರು ತಿಂಗಳ ತೂತೂ ತುಂಬಬೇಕು. ಡಿಪಾಸಿಟ್ ಎರಡು ಲಕ್ಷಕ್ಕೆ ಇಳಿಯದಿದ್ದರೆ ಪಾಲುದಾರ ಬೇಕು, ಇಲ್ಲವೇ ಒಂದು ವರ್ಷ ಕಾಯಬೇಕು.

ಒಪ್ಪುವ ಮೊದಲು ಕೂತು ಎಣಿಸಿ. ಉದಾಹರಣೆಗೆ ದಿನಕ್ಕೆ ಕಂಡಕ್ಟಿಂಗ್ ಹಣ 4,000, ಸಂಬಳ ಮತ್ತು ಆಳುಗಳ ಊಟ 5,000, ಗ್ಯಾಸು, ಕರೆಂಟು, ನೀರು 1,500. ಒಟ್ಟು 10,500. ನೂರು ರೂಪಾಯಿ ವ್ಯಾಪಾರಕ್ಕೆ ಸಾಮಾನಿನ ಖರ್ಚು 40 ಆದರೆ ಕೈಗೆ ಬರುವುದು 60, ಆದ್ದರಿಂದ ದಿನಕ್ಕೆ 17,500 ವ್ಯಾಪಾರವಾದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇದು ನಿಮ್ಮ ಕೂಲಿಯನ್ನು ಹಿಡಿಯದ ಲೆಕ್ಕ. ಈಗಿನವರ ಬಾಯಿಮಾತಿನ ಗಲ್ಲಾ ಲೆಕ್ಕ ನಂಬಬೇಡಿ. ಎರಡು ವಾರದ ದಿನ, ಒಂದು ಭಾನುವಾರ, ಎದುರಿನ ಫುಟ್‌ಪಾತಿನಲ್ಲಿ ನಿಂತು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಷ್ಟು ಜನ ಒಳಗೆ ಹೋದರು ಎಂದು ಎಣಿಸಿ, ಸರಾಸರಿ ಬಿಲ್ಲಿನಿಂದ ಗುಣಿಸಿ. ಮೂರು ವರ್ಷದಲ್ಲಿ ಆ ಜಾಗ ಎಷ್ಟು ಜನರ ಕೈ ಬದಲಾಯಿಸಿದೆ, ಬಿಟ್ಟು ಹೋದವರು ಈಗ ಎಲ್ಲಿದ್ದಾರೆ ಎಂದು ಅಕ್ಕಪಕ್ಕದ ಅಂಗಡಿಯಲ್ಲಿ ವಿಚಾರಿಸಿ. ಸಾಧ್ಯವಾದರೆ ಅವರನ್ನೇ ಹುಡುಕಿ ಮಾತಾಡಿಸಿ. ಏಜೆಂಟನ ವಿಷಯದಲ್ಲಿ ನಿಮಗೆ ಸಿಗದೆ ಹೋದ 98 ಜನ ಇಲ್ಲಿ ಸಿಗುತ್ತಾರೆ. ಕೊಡುವವರು ಜಾಗದ ಮಾಲೀಕರೋ, ಪಗಡಿಯ (ಮೊದಲೇ ದೊಡ್ಡ ಮೊತ್ತ ಕೊಟ್ಟು ಕೂತ) ಬಾಡಿಗೆದಾರರೋ ನೋಡಿ. ಬಾಡಿಗೆದಾರರಾಗಿದ್ದರೆ ಮೂಲ ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಕಂಡಕ್ಟಿಂಗ್ ಒಳಬಾಡಿಗೆ ಎನಿಸಿಕೊಂಡು ಕೋರ್ಟಿಗೆ ಹೋಗಬಹುದು. ಲೈಸೆನ್ಸು ಯಾರ ಹೆಸರಿನಲ್ಲಿದೆ, ನವೀಕರಣ ಆಗಿದೆಯೇ ನೋಡಿ. ಡಿಪಾಸಿಟ್ ಚೆಕ್ಕಿನಲ್ಲೇ ಕೊಡಿ, ಯಾವಾಗ ಹಿಂದಿರುಗಬೇಕು ಎಂಬುದು ನೋಂದಾಯಿಸಿದ ಕರಾರಿನಲ್ಲಿರಲಿ.

ಕೆಟ್ಟ ಅದೃಷ್ಟವನ್ನು ಅಗ್ಗಕ್ಕೆ ಮಾರಿಬಿಡಬಹುದಾದ ಕಡೆ ಮಾರಿಬಿಡಿ. ವಿಮೆಯ ಕೆಲಸವೇ ಅದು. ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಜೀವನ್ ಜ್ಯೋತಿ 436 ರೂಪಾಯಿ. ಅಪಘಾತಕ್ಕೂ ಸಾವಿಗೂ ಎರಡೆರಡು ಲಕ್ಷ. ಇಷ್ಟೇ ಸಾಲದು, ಹೆಂಡತಿ ಮಕ್ಕಳು ಸೇರಿದ ಆರೋಗ್ಯ ವಿಮೆ ಬೇಕು. ನಿಮ್ಮ ವಯಸ್ಸಿನವರ ಉಳಿತಾಯ ಮುಳುಗುವುದು ಹೆಚ್ಚಾಗಿ ಒಂದು ಆಸ್ಪತ್ರೆ ಬಿಲ್ಲಿನಿಂದ. ಹೋಟೆಲು ತೆಗೆದುಕೊಂಡರೆ ಬೆಂಕಿ, ನೆರೆ ಎರಡನ್ನೂ ಹಿಡಿಯುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ ಮಾಡಿಸಿ. 2021ರಿಂದ ಇದು ಎಲ್ಲ ಕಂಪನಿಗಳಲ್ಲೂ ಒಂದೇ ನಮೂನೆಯಲ್ಲಿ ಸಿಗುತ್ತದೆ. ಜುಲೈ 26ರ ನೀರಿಗೆ ಉತ್ತರ ಇದು.

ಮ್ಹಾಡಾ ಅರ್ಜಿ ಬಿಡಬೇಡಿ. ಹೋಗುವುದು 500 ರೂಪಾಯಿ ಮತ್ತು ಜಿಎಸ್‌ಟಿ, ಡಿಪಾಸಿಟ್ ವಾಪಸು ಬರುತ್ತದೆ. ಸೋತರೆ ಕಡಿಮೆ ಹೋಗಿ, ಗೆದ್ದರೆ ಬದುಕು ಬದಲಾಗುವ ಆಟ ಎಷ್ಟು ಸಲ ಆಡಿದರೂ ನಷ್ಟವಿಲ್ಲ. ಆ ಡಿಪಾಸಿಟ್ಟಿಗೆ ಸಾಲ ಮಾತ್ರ ಮಾಡಬೇಡಿ. ಸಾಧ್ಯತೆಯನ್ನು ಕೊಂಚ ಏರಿಸಲೂ ಬರುತ್ತದೆ. 56ಕ್ಕೆ ಒಂದು ಎನ್ನುವುದು ಇಡೀ ಲಾಟರಿಯ ಸರಾಸರಿ. ನಿಜವಾದ ಡ್ರಾ ಆಗುವುದು ಯೋಜನೆಯ ಕೋಡು ಮತ್ತು ಮೀಸಲು ವರ್ಗದ ಪ್ರಕಾರ. ಒಂದು ಕೋಡಿನಲ್ಲಿ ಮನೆಗೆ ನೂರಾರು ಜನ, ಇನ್ನೊಂದರಲ್ಲಿ ಹತ್ತಿಪ್ಪತ್ತು ಜನ ಇರಬಹುದು. ಸ್ವೀಕೃತ ಅರ್ಜಿಗಳ ಪಟ್ಟಿ ಪ್ರತಿ ಸಲ ಪ್ರಕಟವಾಗುತ್ತದೆ. ಕಳೆದ ಸಲದ್ದನ್ನು ಕೂತು ಎಣಿಸಿದರೆ ಎಲ್ಲಿ ನೂಕುನುಗ್ಗಲು ಎಂದು ಅಂದಾಜು ಸಿಗುತ್ತದೆ. ನೀವಿರುವುದು ಡೊಂಬಿವಲಿಯಲ್ಲಿ, ಕೆಲಸ ಥಾಣೆಯಲ್ಲಿ. ಮುಂಬಯಿ ಮಂಡಳಿಗಷ್ಟೇ ಏಕೆ, ಕೊಂಕಣ ಮಂಡಳಿಯ ಪಟ್ಟಿಯನ್ನೂ ನೋಡಿ. ವಿರಾರ್-ಬೋಳಿಂಜ್‌ನಲ್ಲಿ ಮಾರಾಟವಾಗದೆ ಉಳಿದ ಮನೆಗಳನ್ನು ಮೊದಲು ಬಂದವರಿಗೆ ಮೊದಲು ಎಂದು ಕೊಟ್ಟದ್ದುಂಟು. ಅಲ್ಲಿ ಅದೃಷ್ಟದ ಪ್ರಶ್ನೆಯೇ ಇಲ್ಲ, ದೂರ ಮತ್ತು ಬೆಲೆ ಒಪ್ಪಬೇಕಷ್ಟೆ.

ಗಾಳಿ ಬಂದಾಗ ತೂರಿಕೋ ಎನ್ನುತ್ತೇವೆ. ಗಾಳಿ ಬಂದ ದಿನ ಭತ್ತ ಬಡಿದು ಕಣದಲ್ಲಿ ಸಿದ್ಧವಿರದಿದ್ದರೆ? ಹೆಸರು ಬಂದೂ ಮನೆ ಕೈತಪ್ಪಿಸಿಕೊಂಡವರು ಇದ್ದಾರೆ: ಆದಾಯದ ವರ್ಗ ತಪ್ಪು ತೋರಿಸಿದವರು, ಸಾಲ ಮಂಜೂರಾಗದವರು. ಮುಂಬಯಿ ಪ್ರದೇಶದಲ್ಲಿ ಗಂಡ ಹೆಂಡತಿಯ ವಾರ್ಷಿಕ ಆದಾಯ ಸೇರಿ ಆರು ಲಕ್ಷದವರೆಗೆ ಒಂದು ವರ್ಗ, ಒಂಬತ್ತರವರೆಗೆ ಇನ್ನೊಂದು, ಹನ್ನೆರಡರವರೆಗೆ ಮತ್ತೊಂದು. ನಿಮ್ಮ ರಿಟರ್ನಿನಲ್ಲಿರುವ ಅಂಕಿ, ಅರ್ಜಿಯಲ್ಲಿರುವ ಅಂಕಿ ಒಂದೇ ಇರಬೇಕು. ಬ್ಯಾಂಕಿಗೆ ಹೋಗಿ ನಿಮಗೆ ಎಷ್ಟು ಗೃಹಸಾಲ ಸಿಗುತ್ತದೆ ಎಂದು ಈಗಲೇ ಕೇಳಿ, ಸಿಬಿಲ್ ಸ್ಕೋರ್ ನೋಡಿಸಿ.

ಮನೆಯವರು ಶನಿವಾರ ಎಳ್ಳೆಣ್ಣೆ ದೀಪ ಹಚ್ಚುತ್ತಿದ್ದರೆ ಹಚ್ಚಲಿ. ದೊಡ್ಡ ಹೋಮಕ್ಕೆಂದು ಎಫ್‌ಡಿ ಮುರಿಯುವುದು ಬೇಡ ಎಂದು ಜೋಯಿಸರಿಗೇ ವಿನಯದಿಂದ ಹೇಳಿ. ಮ್ಹಾಡಾ ಅರ್ಜಿಗೆ ಬೇಕಾದ ಮಹಾರಾಷ್ಟ್ರದ ಡೊಮಿಸೈಲ್ (ವಾಸ್ತವ್ಯ) ಪ್ರಮಾಣಪತ್ರ ನಿಮ್ಮ ಬಳಿ ಇದೆಯೇ, ಹೊಸ ನಮೂನೆಯದೇ ನೋಡಿ. ಹಳೆಯದಾಗಿದ್ದರೆ ಮುಂದಿನ ಲಾಟರಿಯ ಜಾಹೀರಾತು ಬರುವ ಮೊದಲೇ, ಇದೇ ತಿಂಗಳು, ತೆಗೆಸಿಡಿ. ಕೊನೆಯ ವಾರದಲ್ಲಿ ಓಡಾಡಿದರೆ ಸಿಗುವುದಿಲ್ಲ.